ಒತ್ತಡ, ನೊರೆ ಮತ್ತು ಎರಡು ಮನೆಯ ಬಾವಿ

ನಮ್ಮದು ಎರಡು ಮನೆಗೆ ಒಂದೇ ಬಾವಿ. ಮುರಕಲ್ಲನ್ನು ಕಡಿದು ತೋಡಿದ, 14 ಕೋಲು ಆಳದ ಹಳೆಯ ಬಾವಿ. ತಂದೆಯವರ ಕಾಲದ ವಿಭಾಗಪತ್ರದಲ್ಲಿ ಹಿತ್ತಿಲು, ತೋಟ, ಹಟ್ಟಿ ಎಲ್ಲವೂ ಗಡಿ ಸಹಿತ ಪಾಲಾಗಿವೆ. ಬಾವಿ ಮಾತ್ರ ಪಾಲಾಗದೆ ಉಳಿದಿದೆ. ‘ಉಭಯ ಕುಟುಂಬದವರೂ ಗೃಹಕೃತ್ಯಕ್ಕೆ ಸಮಾನವಾಗಿ ಉಪಯೋಗಿಸತಕ್ಕದ್ದು’ ಎಂಬ ಒಂದು ವಾಕ್ಯ ಅದಕ್ಕೆ ಅನ್ವಯಿಸುತ್ತದೆ. ಕಾಸರಗೋಡಿನ ಒಳನಾಡಿನಲ್ಲಿ ಇಂತಹ ವಾಕ್ಯವುಳ್ಳ ಪತ್ರಗಳು ಅನೇಕ ಮನೆಗಳ ಪೆಟ್ಟಿಗೆಯಲ್ಲಿ ಇರಬಹುದು. ಮಳೆಗಾಲದಲ್ಲಿ ಈ ವಾಕ್ಯದ ನೆನಪು ಯಾರಿಗೂ ಆಗುವುದಿಲ್ಲ. ಎಪ್ರಿಲ್ ತಿಂಗಳಿನಲ್ಲಿ ಹಗ್ಗ ಉದ್ದವಾಗುತ್ತ ಹೋದಂತೆ ಅದರ ಒಂದೊಂದು ಶಬ್ದಕ್ಕೂ ತೂಕ ಬರುತ್ತದೆ.

ಕಾರು ತೊಳೆಯುವುದು ಗೃಹಕೃತ್ಯವೇ? ವಕೀಲನಾಗಿ ಈ ಪ್ರಶ್ನೆಯ ಎರಡು ಬದಿಯಲ್ಲಿಯೂ ನಾನು ಅರ್ಧ ಗಂಟೆ ವಾದಿಸಬಲ್ಲೆ. ಆದರೆ ನನ್ನ ಮುಂದೆ ಇದ್ದದ್ದು ನ್ಯಾಯಾಧೀಶರಲ್ಲ, ಅಣ್ಣ. ಹೆದ್ದಾರಿ 66ರ ಅಗಲೀಕರಣದ ಧೂಳು, ಒಳದಾರಿಯ ಕೆಂಪುಮಣ್ಣು, ಕಡಲಬದಿಯ ಉಪ್ಪುಗಾಳಿ ಇವು ಮೂರನ್ನೂ ಹೊತ್ತು ಪ್ರತಿದಿನ ನ್ಯಾಯಾಲಯದಿಂದ ಮನೆಗೆ ಬರುವ ಕಾರಿಗೆ ಒಂದು ಪ್ರೆಶರ್ ವಾಷರ್ ತರೋಣವೆಂದು ನಾನು ಪ್ರಸ್ತಾಪಿಸಿದಾಗ ಅವನು ಸಿಟ್ಟಾಗಲಿಲ್ಲ. “ತರುವುದಾದರೆ ತಾ ತಮ್ಮಾ. ಅದು ಎಷ್ಟು ನೀರು ಕುಡಿಯುತ್ತದೆ ಅಂತ ಮಾತ್ರ ಮೊದಲು ಹೇಳು” ಎಂದನು. ಮೃದುವಾದ ಮಾತು, ಆದರೆ ಉತ್ತರ ಕೊಡದೆ ದಾಟಿಹೋಗುವ ಹಾಗಿರಲಿಲ್ಲ. ಯಂತ್ರದ ಆಯ್ಕೆ ಈ ಪ್ರಶ್ನೆಯಿಂದಲೇ ಆರಂಭವಾಯಿತು.

ಉತ್ತರ ಹುಡುಕಿದವಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ನನ್ನ ಮಗಳು. ಅವಳು 20 ಲೀಟರಿನ ಬಕೆಟನ್ನು ಅಂಗಳದಲ್ಲಿಟ್ಟು, ನಾವು ಕಾರು ತೊಳೆಯುವ ಪೈಪನ್ನು ಅದರೊಳಗೆ ಬಿಟ್ಟು, ಗಡಿಯಾರ ನೋಡಿದಳು. 75 ಸೆಕೆಂಡಿನಲ್ಲಿ ಬಕೆಟು ತುಂಬಿತು. ಅಂದರೆ ನಿಮಿಷಕ್ಕೆ 16 ಲೀಟರ್. ಒಂದು ಸಲ ತೊಳೆಯುವಾಗ ಪೈಪು ಒಟ್ಟು 12 ನಿಮಿಷ ತೆರೆದಿರುತ್ತದೆ. ಆದ್ದರಿಂದ 192 ಲೀಟರ್. ಮನೆಬಳಕೆಯ ವಾಷರುಗಳು ಸಾಮಾನ್ಯವಾಗಿ ನಿಮಿಷಕ್ಕೆ ಐದೂವರೆಯಿಂದ ಏಳು ಲೀಟರಿನವರೆಗೆ ನೀರು ಬಿಡುತ್ತವೆ. ಗುಂಡಿ ಒತ್ತಿದಾಗ ಮಾತ್ರ ನೀರು ಬರುತ್ತದೆ. ಆರು ಲೀಟರಿನ ಯಂತ್ರದಿಂದ ಎಂಟು ನಿಮಿಷ ಎಂದರೆ 48 ಲೀಟರ್. ಕೈಯಲ್ಲಿ ಒರೆಸಲು ಎರಡು ಸಣ್ಣ ಬಕೆಟು ಸೇರಿಸಿದರೂ 70ರ ಒಳಗೆ. ಲೆಕ್ಕ ಬರೆದ ಹಾಳೆಯನ್ನು ಅವಳೇ ದೊಡ್ಡಪ್ಪನಿಗೆ ಕೊಟ್ಟು ಬಂದಳು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲಕ್ಕಿಂತ ಕಡಿಮೆ ನೀರು ಸಾಕಾಗುವುದು ಬಕೆಟು ಮತ್ತು ಬಟ್ಟೆಗೆ. ಆದರೆ ಮುರಕಲ್ಲಿನ ಧೂಳಿನಲ್ಲಿ ಸಣ್ಣ ಹರಳುಗಳಿರುತ್ತವೆ. ಒಣಗಿ ಕುಳಿತ ಹರಳಿನ ಮೇಲೆ ಒದ್ದೆ ಬಟ್ಟೆ ಎಳೆದರೆ ಅದು ಮರಳುಕಾಗದದ ಕೆಲಸ ಮಾಡುತ್ತದೆ. ಬಿಸಿಲಿಗೆ ನಿಲ್ಲಿಸಿದಾಗ ಬಣ್ಣದ ಮೇಲೆ ಕಾಣಿಸುವ ಜೇಡರಬಲೆಯಂತಹ ಗೀರುಗಳು ಅದರ ಫಲ. ಹರಳನ್ನು ಮುಟ್ಟದೆ ಮೊದಲು ಸಡಿಲಿಸುವುದು ನೊರೆಯ ಕೆಲಸ, ಅನಂತರ ದೂರದಿಂದ ಕಿತ್ತುಹಾಕುವುದು ಒತ್ತಡದ ನೀರಿನ ಕೆಲಸ. ಈ ಎರಡು ಕೆಲಸಗಳಿಗಾಗಿಯೇ ಯಂತ್ರ ಬೇಕಾಗುವುದು.

ಅಂಗಡಿಗೆ ಮಗಳನ್ನೂ ಕರೆದೊಯ್ದೆ. ಆರೇಳು ಸಾವಿರ ರೂಪಾಯಿಗಳಿಂದ ಹದಿನೈದು ಸಾವಿರದವರೆಗಿನ ಯಂತ್ರಗಳು ಸಾಲಾಗಿ ನಿಂತಿದ್ದವು. ಮಾರುವ ಹುಡುಗನು ಒಂದು ಪೆಟ್ಟಿಗೆಯನ್ನು ಮುಂದೆ ತಂದು, 200 ಬಾರ್ ಒತ್ತಡ, ನಿಮಿಷಕ್ಕೆ 10 ಲೀಟರ್, 1500 ವಾಟ್, ಬೆಲೆಯೂ ಕಡಿಮೆ ಎಂದು ಹೊಗಳಿದನು. ಮಗಳು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನೋಡಿ, ತನ್ನ ಬೆರಳಿನಲ್ಲಿಯೇ ಏನನ್ನೋ ಗುಣಿಸಿ, “ಅಪ್ಪ, ಇದು ಆಗುವ ಮಾತಲ್ಲ” ಎಂದಳು.

ಅವಳ ಲೆಕ್ಕ ಹೀಗಿತ್ತು. ಒತ್ತಡವೆಂದರೆ ಒಂದು ಘಟಕ ವಿಸ್ತೀರ್ಣದ ಮೇಲೆ ಬೀಳುವ ಬಲ. ಇದು ಶಾಲೆಯ ಪಾಠ. ಒಂದು ಬಾರ್ ಎಂದರೆ ಒಂದು ಲಕ್ಷ ಪಾಸ್ಕಲ್, ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಒತ್ತಡವನ್ನು ಸೆಕೆಂಡಿಗೆ ಹರಿಯುವ ನೀರಿನ ಗಾತ್ರದಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ. ಬಾರ್ ಮತ್ತು ಲೀಟರುಗಳಲ್ಲಿ ಹೇಳುವುದಾದರೆ, ಬಾರ್ ಸಂಖ್ಯೆಯನ್ನು ನಿಮಿಷದ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವಾಟ್. 200ನ್ನು 10ರಿಂದ ಗುಣಿಸಿ 600ರಿಂದ ಭಾಗಿಸಿದರೆ 3.3 ಕಿಲೋವಾಟ್. ಒಂದೂವರೆ ಕಿಲೋವಾಟ್ ವಿದ್ಯುತ್ತನ್ನು ತಿಂದು ಮೂರೂಕಾಲು ಕಿಲೋವಾಟಿಗೂ ಮಿಕ್ಕಿ ಕೆಲಸ ಮಾಡುವ ಯಂತ್ರ ಲೋಕದಲ್ಲಿ ಇಲ್ಲ. ಪಕ್ಕದ ಪೆಟ್ಟಿಗೆಯ ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಕೆಲಸದ ಒತ್ತಡ 90 ಬಾರ್, ನಿಮಿಷಕ್ಕೆ 6 ಲೀಟರ್ ಎಂದಿತ್ತು. ಅದು 0.9 ಕಿಲೋವಾಟ್. 1500 ವಾಟಿನ ಮೋಟರಿಗೆ ಅದು ನಂಬತಕ್ಕ ಮಾತು.

ಮೊದಲ ಪೆಟ್ಟಿಗೆಯಲ್ಲಿ ಬರೆದದ್ದು ಶುದ್ಧ ಸುಳ್ಳು ಎಂದು ನಾನು ಹೇಳಲಾರೆ. ನಳಿಗೆಯ ಬಾಯಿ ಮುಚ್ಚಿದ ಕ್ಷಣದ ಗರಿಷ್ಠ ಒತ್ತಡವನ್ನು ಒಂದು ಕಡೆ, ಒತ್ತಡವಿಲ್ಲದೆ ಹರಿಯುವಾಗಿನ ಗರಿಷ್ಠ ನೀರನ್ನು ಇನ್ನೊಂದು ಕಡೆ ಬರೆದಿರಬಹುದು. ಬೇರೆಬೇರೆಯಾಗಿ ನಿಜವೆನ್ನಿಸುವ ಎರಡು ಹೇಳಿಕೆಗಳು ಒಟ್ಟಿಗೆ ನಿಂತಾಗ ಸುಳ್ಳಾಗುವುದನ್ನು ಸಾಕ್ಷಿಕಟ್ಟೆಯ ಎದುರು ನಿಲ್ಲುವ ನಾವು ದಿನವೂ ಕಾಣುತ್ತೇವೆ. ಆದುದರಿಂದ ದೊಡ್ಡ ಅಕ್ಷರದ ಗರಿಷ್ಠ ಒತ್ತಡವನ್ನು ಬಿಟ್ಟು, ಕೆಲಸದ ಒತ್ತಡವನ್ನು ಓದಬೇಕು. ಕಾರಿಗೆ 80ರಿಂದ 110 ಬಾರ್ ಧಾರಾಳ. ಕೆಲವರು ಅದನ್ನು ಪಿ.ಎಸ್.ಐ. ಲೆಕ್ಕದಲ್ಲಿ ಬರೆಯುತ್ತಾರೆ, ಒಂದು ಬಾರಿಗೆ 14.5 ಪಿ.ಎಸ್.ಐ. ಎಂದು ನೆನಪಿಟ್ಟರೆ ಸಾಕು.

ಮೋಟರಿನಲ್ಲಿ ಎರಡು ಬಗೆ. ಕಾರ್ಬನ್ ಬ್ರಷ್ ಇರುವುದು ಹಗುರ, ಅಗ್ಗ, ಆದರೆ ಸದ್ದು ಹೆಚ್ಚು. ದೀರ್ಘಕಾಲ ಎಡೆಬಿಡದೆ ಓಡಿಸಲು ಯೋಗ್ಯವಲ್ಲ. ಇಂಡಕ್ಷನ್ ಮೋಟರು ಭಾರ, ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಒಂದು ಕಾರು ತೊಳೆಯುವ ಮನೆಗೆ ಮೊದಲನೆಯದು ಸಾಕು. ದಿನಕ್ಕೆ ಹತ್ತು ವಾಹನ ತೊಳೆದು ಜೀವನ ನಡೆಸುವವರು ಎರಡನೆಯದಕ್ಕೇ ಹಣ ಹಾಕಬೇಕು.

ನಮ್ಮ ಊರಿಗೆ ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಯಂತ್ರವು ನಳ್ಳಿಯ ಒತ್ತಡವನ್ನು ನಂಬದೆ, ಡ್ರಮ್ಮಿನಿಂದ ತಾನೇ ನೀರನ್ನು ಎಳೆದುಕೊಳ್ಳುವಂತಿರಬೇಕು. ಸುರಂಗದಿಂದ ಸಣ್ಣಗೆ ಇಳಿದುಬರುವ ನೀರನ್ನು ಟ್ಯಾಂಕಿಯಲ್ಲಿ ತುಂಬಿಸಿ ಬಳಸುವ ಮನೆಗಳಿಗೆ ಇದಿಲ್ಲದಿದ್ದರೆ ಯಂತ್ರ ವ್ಯರ್ಥ. ಮಳೆಗಾಲದಲ್ಲಿ ಮಾಡಿನ ನೀರನ್ನು 200 ಲೀಟರಿನ ಡ್ರಮ್ಮಿಗೆ ಬಿಟ್ಟರೆ ಆ ತಿಂಗಳುಗಳಲ್ಲಿ ಬಾವಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ನೀರು ಒಳಹೋಗುವ ಬಾಯಿಯ ಜಾಲರಿಯನ್ನು ಮಾತ್ರ ಪ್ರತಿಸಲವೂ ಬಿಚ್ಚಿ ತೊಳೆಯಬೇಕು. ಕೆಂಪು ಕೆಸರು ಕಟ್ಟಿಕೊಂಡು ನೀರಿಲ್ಲದೆ ಓಡಿದರೆ ಪಂಪು ಕೆಡುತ್ತದೆ.

ಇನ್ನು ನೊರೆಯ ಸಲಕರಣೆ. ಯಂತ್ರದ ಜೊತೆಗೆ ಬಿಟ್ಟಿಯಾಗಿ ಬರುವ ಸಣ್ಣ ಬಾಟಲಿ ಸಾಬೂನುನೀರನ್ನು ಚಿಮುಕಿಸುತ್ತದೆಯೇ ಹೊರತು ನೊರೆ ಕಟ್ಟುವುದಿಲ್ಲ. ನೊರೆಗೆ ಬೇಕಾದದ್ದು ಫೋಮ್ ಕ್ಯಾನನ್. ಹೆಸರಿನಲ್ಲಿ ಹತ್ತಿರವಿರುವ ಫೋಮ್ ಗನ್ ಸಾದಾ ಪೈಪಿಗೆ ಹಾಕುವಂತಹದು. ಅದರ ನೊರೆ ತೆಳು. ಕ್ಯಾನನ್ನಿನ ಒಳಗೆ ಒಂದು ಸಣ್ಣ ರಂಧ್ರವಿದೆ, ಅದರ ಮುಂದೆ ಉಕ್ಕಿನ ತಂತಿಯ ಜಾಲರಿಯ ಸುರುಳಿ ಇದೆ. ರಂಧ್ರದಿಂದ ನೀರು ವೇಗವಾಗಿ ನುಗ್ಗುವಾಗ ಬಾಟಲಿಯ ಶಾಂಪೂವನ್ನೂ ಬದಿಯ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ. ಮೂರೂ ಜಾಲರಿಯಲ್ಲಿ ಕಡೆದು ನೊರೆಯಾಗುತ್ತವೆ. ಸಾಮಾನ್ಯವಾಗಿ ರಂಧ್ರ 1.25 ಮಿಲಿಮೀಟರ್ ಇರುತ್ತದೆ. ನಿಮಿಷಕ್ಕೆ ಆರು ಲೀಟರಿನಂತಹ ಸಣ್ಣ ಯಂತ್ರಕ್ಕೆ 1.1 ಮಿಲಿಮೀಟರಿನದು ಮೇಲು. ರಂಧ್ರ ಕಿರಿದಾದಷ್ಟು ಒತ್ತಡ ಉಳಿದು ನೊರೆ ದಪ್ಪವಾಗುತ್ತದೆ. ಹಿತ್ತಾಳೆಯ ಒಡಲು, ಅಗಲ ಬಾಯಿಯ ಒಂದು ಲೀಟರಿನ ಬಾಟಲಿ, ಬದಲಿ ಜಾಲರಿ ಸಿಗುವ ಭರವಸೆ ಇವನ್ನು ನೋಡಿ ಕೊಳ್ಳಬೇಕು.

ಕೊಂಡವರು ಹೆಚ್ಚಾಗಿ ತೊಡಕಿಗೆ ಸಿಲುಕುವುದು ಜೋಡಣೆಯಲ್ಲಿ. ಕೆಲವು ಕಂಪೆನಿಗಳ ಗನ್ನಿನ ಬಾಯಿ ಅವರದೇ ಆಕಾರದ್ದು, ತಿರುಗಿಸಿ ಸಿಕ್ಕಿಸುವಂತಹದು. ಕೆಲವರದು ಕಾಲು ಇಂಚಿನ ಸಾಮಾನ್ಯ ಜೋಡಣೆ. ಪೈಪಿನ ತುದಿಯ 22 ಮಿಲಿಮೀಟರಿನ ಸುತ್ತುಗಳಲ್ಲಿಯೂ ಒಳಗಿನ ಕಡ್ಡಿ 14 ಮಿಲಿಮೀಟರಿನದೂ ಇದೆ, 15ರದೂ ಇದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹಾಕಿದರೆ ನೀರು ಸೋರುತ್ತದೆ. ಆದ್ದರಿಂದ ಗನ್ನನ್ನೇ ಅಂಗಡಿಗೆ ಒಯ್ದು ಕ್ಯಾನನ್ ಹಾಕಿ ನೋಡುವುದು ಕ್ಷೇಮ.

ತೊಳೆಯುವ ಕ್ರಮ ಸರಳ. ನೆರಳಿನಲ್ಲಿ ನಿಲ್ಲಿಸಿ, ಒಮ್ಮೆ ನೀರು ಹಾಯಿಸಿ, ಕೆಳಗಿನಿಂದ ಮೇಲಕ್ಕೆ ನೊರೆ ಹಚ್ಚಿ, ಒಣಗುವುದಕ್ಕೆ ಬಿಡದೆ ನಾಲ್ಕೈದು ನಿಮಿಷದಲ್ಲಿ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಅನಂತರವೇ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ನಳಿಗೆಗಳಲ್ಲಿ 25 ಮತ್ತು 40 ಡಿಗ್ರಿಯವನ್ನು ಮಾತ್ರ ಉಪಯೋಗಿಸಿ, ಒಂದು ಅಡಿಯಾದರೂ ದೂರ ಹಿಡಿಯಬೇಕು. ಸೂಜಿಯಂತಹ ನೇರ ಧಾರೆ ಬಣ್ಣವನ್ನೂ ಟಯರನ್ನೂ ಕೆಡಿಸುತ್ತದೆ. ಅದು ಚರ್ಮವನ್ನು ಸೀಳಿ ಒಳಹೊಗಬಲ್ಲದು. ಮಕ್ಕಳು ಅದನ್ನು ಪಿಚಕಾರಿಯೆಂದು ತಿಳಿಯಬಾರದು. ಪಾತ್ರೆ ತೊಳೆಯುವ ದ್ರವ ಬಣ್ಣದ ಮೇಲಿನ ಮೇಣವನ್ನು ತೆಗೆದುಬಿಡುತ್ತದೆ. ಕಾರಿನ ಶಾಂಪೂವೇ ಆಗಬೇಕು. ಒದ್ದೆ ಅಂಗಳದಲ್ಲಿ ವಿದ್ಯುತ್ತಿನ ಯಂತ್ರ ಓಡುವುದರಿಂದ 16 ಆಂಪಿಯರಿನ, ಅರ್ತಿಂಗ್ ಸರಿಯಿರುವ ಪ್ಲಗ್ಗು, ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ., ಕಾಲಿಗೆ ರಬ್ಬರಿನ ಚಪ್ಪಲಿ ಇವು ಮೂರೂ ಕಡ್ಡಾಯ.

ನಾವು ತಂದದ್ದು 90 ಬಾರಿನ ಯಂತ್ರ. ಮೊದಲ ದಿನ ಅಣ್ಣ ಬಂದು ನಿಂತನು. ಡ್ರಮ್ಮಿಗೆ ಮಗಳು ಸೀಮೆಸುಣ್ಣದಿಂದ ಗೆರೆ ಎಳೆದಿದ್ದಳು. ಕೆಲಸ ಮುಗಿದಾಗ ಇಳಿದದ್ದು ಸುಮಾರು 50 ಲೀಟರ್. ಅಣ್ಣ ಗೆರೆಯನ್ನು ನೋಡಿ, “ನೀರು ಸರಿ. ಸಾಬೂನು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದನು. ಅದು ನೀರಿನ ಪ್ರಶ್ನೆಗಿಂತಲೂ ದೊಡ್ಡದು. ಮುರಕಲ್ಲು ಜಾಳುಜಾಳು, ಮೇಲೆ ಚೆಲ್ಲಿದ್ದು ಬಾವಿಗೆ ಇಳಿಯದೆಂಬ ನಂಬಿಕೆ ಇಡುವಂತಿಲ್ಲ. ಅಂದೇ ಜಾಗ ಬದಲಾಯಿತು. ಈಗ ಕಾರು ನಿಲ್ಲುವುದು ಬಾವಿಯಿಂದ ದೂರದ ಇಳಿಜಾರಿನ ಕೆಳಬದಿಯಲ್ಲಿ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಹದಿನೈದು ದಿನಕ್ಕೊಮ್ಮೆ ಮಾತ್ರ ತೊಳೆಯುವುದೆಂದೂ ಎರಡು ಮನೆಯವರು ಒಪ್ಪಿದ್ದೇವೆ. ಆ ಒಪ್ಪಂದ ಪತ್ರದಲ್ಲಿಲ್ಲ, ಬಾಯಲ್ಲಿದೆ. ಅಣ್ಣನ ಸ್ಕೂಟರೂ ಈಗ ಅದೇ ಯಂತ್ರದಲ್ಲಿ ತೊಳೆಯಲ್ಪಡುತ್ತದೆ.

ವೃತ್ತಿಯ ಮಾತನ್ನು ಸ್ವಲ್ಪ ಹೇಳಿ ಮುಗಿಸುತ್ತೇನೆ. ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ವಿಳಾಸ ಇವು ಇರಲೇಬೇಕೆಂಬುದು 2011ರ ಪ್ಯಾಕೇಜು ಸರಕುಗಳ ನಿಯಮ. ಬಿಲ್ಲನ್ನೂ ಪೆಟ್ಟಿಗೆಯನ್ನೂ ಜೋಪಾನ ಮಾಡಿ. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ಹೊಂದದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಮಾರಿದವನ ಊರಿಗೆ ಹೋಗಬೇಕಾಗಿಲ್ಲ, ನೀವು ವಾಸಿಸುವ ಜಿಲ್ಲೆಯೇ ಸಾಕು. ಕೊಟ್ಟ ಬೆಲೆ ಐದು ಲಕ್ಷದೊಳಗಾದರೆ ಶುಲ್ಕವೂ ಇಲ್ಲ.

ಅದೇ ನಿಯಮದಲ್ಲಿ ಭಾಷೆಯ ಮಾತೂ ಇದೆ. ಪೆಟ್ಟಿಗೆಯ ಮೇಲಿನ ವಿವರಗಳು ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಅವುಗಳ ಜೊತೆಗೆ ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ. ಅಡ್ಡಿಯಿಲ್ಲವೆಂಬ ಕಾರಣಕ್ಕೆ ಕನ್ನಡವನ್ನು ಸೇರಿಸಿದವರನ್ನು ಆ ಅಂಗಡಿಯಲ್ಲಿ ನಾನು ಕಾಣಲಿಲ್ಲ. ನಮ್ಮ ಬಂಧುಗಳಲ್ಲಿ ಕೆಲವರು ಇದನ್ನೇ ತೋರಿಸಿ, ಯಂತ್ರದ ಲೋಕಕ್ಕೆ ಕನ್ನಡ ಸಾಕಾಗದು, ಹುಡುಗಿಯನ್ನು ಈಗಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕೆಂದು ಸಲಹೆ ಕೊಡುತ್ತಾರೆ. ಹನ್ನೊಂದನೆಯ ತರಗತಿಯಿಂದ ಅವಳಿಗೆ ಇಂಗ್ಲಿಷ್ ಪುಸ್ತಕವೇ ಬರಲಿದೆ; ಅಂದು ಆ ಶಬ್ದಗಳನ್ನು ಅವಳು ಕಲಿಯುತ್ತಾಳೆ, ಕಷ್ಟಪಟ್ಟೇ ಕಲಿಯುತ್ತಾಳೆ. ಆದರೆ ಬಲ, ವಿಸ್ತೀರ್ಣ, ಒತ್ತಡ, ಸಾಮರ್ಥ್ಯ ಎಂಬ ನಾಲ್ಕು ಕನ್ನಡ ಶಬ್ದಗಳ ಅರ್ಥ ತಿಳಿದಿದ್ದುದರಿಂದಲೇ ಇಂಗ್ಲಿಷ್ ಪೆಟ್ಟಿಗೆಯ ಮೇಲಿನ ಆಗದ ಮಾತು ಅವಳಿಗೆ ಕಂಡಿತು. ಅದೇ ಅಂಗಡಿಯಲ್ಲಿ ಇಂಗ್ಲಿಷನ್ನು ನಿರರ್ಗಳವಾಗಿ ಓದುತ್ತಿದ್ದ ಇಬ್ಬರು ಗಿರಾಕಿಗಳು ಆ 200 ಬಾರನ್ನೇ ಮೆಚ್ಚಿಕೊಂಡು ಚೌಕಾಶಿ ಮಾಡುತ್ತಿದ್ದರು. ಅವಳನ್ನು ಹತ್ತನೆಯವರೆಗೆ ಇದೇ ಶಾಲೆಯಲ್ಲಿ ಓದಿಸುವುದೆಂದು ಮನೆಯಲ್ಲಿ ನಿಶ್ಚಯಿಸಿದ್ದೇವೆ.

ಪಂಪಾಗಲಿ, ಮಿಕ್ಸಿಯಾಗಲಿ, ಇನ್ವರ್ಟರಾಗಲಿ, ಮುಂದಿನ ಸಲ ಮನೆಗೆ ಒಂದು ಯಂತ್ರ ಕೊಳ್ಳಲು ಹೊರಡುವಾಗ ಶಾಲೆಗೆ ಹೋಗುವ ಮಗುವನ್ನೂ ಜೊತೆಗೆ ಕರೆದೊಯ್ಯಿರಿ. ಪೆಟ್ಟಿಗೆಯನ್ನು ಅದರ ಕೈಗೆ ಕೊಟ್ಟು, ಬದಿಯಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ ಲೆಕ್ಕ ಹಾಕಲು ಹೇಳಿರಿ. ಹಣ ಕೊಡುವುದು ಆಮೇಲೆ ಇರಲಿ.