ಹುಷಾರು, ಆರಾಮು

ಆರೋಗ್ಯ ಸಮೀಕ್ಷೆಗಳಲ್ಲಿ ಒಂದು ಪುಟ್ಟ ಪ್ರಶ್ನೆ ಇರುತ್ತದೆ: ‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ?’ ರಕ್ತಪರೀಕ್ಷೆ ಇಲ್ಲ, ತೂಕ ನೋಡುವುದಿಲ್ಲ. ಅತ್ಯುತ್ತಮ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ ಎಂಬವುಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಆಯಿತು. ಇಷ್ಟರಿಂದ ಏನು ತಿಳಿದೀತು ಅನ್ನಿಸಬಹುದು. ಎಲೆನ್ ಇಡ್ಲರ್ ಮತ್ತು ಯಾಯೆಲ್ ಬೆನ್ಯಾಮಿನಿ ಎಂಬ ಇಬ್ಬರು ಸಂಶೋಧಕರು 1997ರಲ್ಲಿ ಇಂಥ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ತಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದವರು ಬೇಗ ಸಾಯುವ ಸಂಭವ ಹೆಚ್ಚು ಎಂದು ಬಹುತೇಕ ಅಧ್ಯಯನಗಳಲ್ಲಿ ಕಂಡಿತ್ತು. ಅವರಿಗಿದ್ದ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಅದು ಹಾಗೇ ಉಳಿದಿತ್ತು. ವೈದ್ಯರ ಚೀಟಿಯಲ್ಲಿ ಇಲ್ಲದ್ದೇನೋ ಮನುಷ್ಯನಿಗೆ ತನ್ನ ಮೈಯ ಬಗ್ಗೆ ಗೊತ್ತಿರುತ್ತದೆ.

ಹದಿನೈದರ ಹುಡುಗಿಗೆ ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಹಾಗಾದರೆ ಅವಳು ಯಾವುದನ್ನು ನೋಡಿಕೊಂಡು ಉತ್ತರ ಹೇಳುತ್ತಾಳೆ? ಯುರೋಪಿನ ದೇಶಗಳಲ್ಲೂ ಕೆನಡಾದಲ್ಲೂ ನಾಲ್ಕು ವರ್ಷಕ್ಕೊಮ್ಮೆ 11, 13 ಮತ್ತು 15ರ ಮಕ್ಕಳಿಗೆ ಈ ಪ್ರಶ್ನೆ ಕೇಳುತ್ತಾರೆ. ಸರಿಯಾಗಿ ನಿದ್ದೆ ಮಾಡುವ, ಬೆಳಗಿನ ತಿಂಡಿ ತಪ್ಪಿಸದ, ಮೈಬೆವರುವಷ್ಟು ಆಡುವ ಮಕ್ಕಳು ತಮ್ಮ ಆರೋಗ್ಯಕ್ಕೆ ಹೆಚ್ಚು ಅಂಕ ಕೊಟ್ಟುಕೊಳ್ಳುತ್ತಾರೆ ಎಂದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಂದರೆ ಆ ವಯಸ್ಸಿನಲ್ಲಿ ಆರೋಗ್ಯ ಎಂದರೆ ದಿನ ಹೇಗೆ ಕಳೆಯಿತು ಎನ್ನುವುದೇ.

ಇದೇ ಪ್ರಶ್ನೆ ಹಿಡಿದು ನಾನು ಶಿವಮೊಗ್ಗ ಮತ್ತು ಭದ್ರಾವತಿಯ ಹೈಸ್ಕೂಲು, ಪಿಯುಸಿ ಮಕ್ಕಳ ನಡುವೆ ಓಡಾಡುತ್ತೇನೆ. ‘ಆರೋಗ್ಯ ಹೇಗಿದೆ?’ ಎಂದರೆ ಬಹಳಷ್ಟು ಮಕ್ಕಳು ಯೋಚಿಸದೆ ‘ಚೆನ್ನಾಗಿದೆ ಮ್ಯಾಮ್’ ಅನ್ನುತ್ತಾರೆ. ಆ ಪದ ಅವರಿಗೆ ಪಠ್ಯಪುಸ್ತಕದ್ದು, ಆಸ್ಪತ್ರೆಯ ಬೋರ್ಡಿನದ್ದು. ನಮ್ಮ ಮನೆಮಾತಿನಲ್ಲಿ ಅದಕ್ಕಿರುವ ಪದಗಳು ಬೇರೆ. ‘ಹುಷಾರಿಲ್ಲ’ ಅನ್ನುತ್ತೇವೆ, ‘ಆರಾಮಾ?’ ಎಂದು ಕೇಳುತ್ತೇವೆ. ಎರಡೂ ಪರ್ಷಿಯನ್ ಮೂಲದವು. ಹುಷಾರು ಎಂದರೆ ಎಚ್ಚರ, ಆರಾಮ ಎಂದರೆ ವಿಶ್ರಾಂತಿ. ಆರೋಗ್ಯಕ್ಕೆ ಇವೆರಡೂ ಬೇಕು ಎಂದು ನಮ್ಮ ಆಡುಮಾತಿಗೆ ಗೊತ್ತಿದೆ.

ಪದವಿಪೂರ್ವ ಕಾಲೇಜಿನ ಒಬ್ಬ ಹುಡುಗಿ ‘ಚೆನ್ನಾಗಿದೆ’ಗೆ ಗುರುತು ಹಾಕಿ ಫಾರಂ ಕೊಟ್ಟಳು. ‘ಆರಾಮಿದ್ದೀಯೇನಮ್ಮಾ?’ ಎಂದೆ. ನಕ್ಕಳು. ‘ಆರಾಮೆಲ್ಲಿ ಮ್ಯಾಮ್, ಸೆಕೆಂಡ್ ಪಿಯು!’

ಅವಳ ಮನೆ ಭದ್ರಾವತಿಯಲ್ಲಿ, ಓದುವುದು ಶಿವಮೊಗ್ಗದಲ್ಲಿ. ನಡುವಿನ ದಾರಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬೆಳಗಿನ ಐದಕ್ಕೆ ಏಳುತ್ತಾಳೆ. ಟ್ಯೂಷನ್, ಕಾಲೇಜು, ಸಂಜೆ ಮತ್ತೆ ಟ್ಯೂಷನ್, ಕೊನೆಗೆ ನಿಂತೇ ಬರುವ ಬಸ್ಸು. ಬೆಳಿಗ್ಗೆ ತಿಂಡಿ ಸೇರುವುದಿಲ್ಲ. ಡಬ್ಬಿಯ ಚಿತ್ರಾನ್ನ ಮಧ್ಯಾಹ್ನಕ್ಕೆ ಅಂಟಂಟಾಗಿರುತ್ತದೆ. ಸಂಜೆಯ ಹಸಿವಿಗೆ ಬೇಕರಿಯ ಪಫ್ಸು ಅಥವಾ ಗೋಬಿ ಮಂಚೂರಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಸಿಗುವ ಬಿಸಿಯೂಟ ಪಿಯುಸಿಗೆ ಕಾಲಿಟ್ಟ ಕೂಡಲೇ ನಿಲ್ಲುತ್ತದೆ. ಹಸಿವೇನೂ ಹತ್ತನೇ ತರಗತಿಗೆ ಮುಗಿಯುವುದಿಲ್ಲ. ‘ಆಟ?’ ಎಂದು ಕೇಳಿದರೆ ಎಂಟನೇ ಕ್ಲಾಸಿನ ಖೋಖೋ ನೆನಪು ಮಾಡಿಕೊಂಡಳು.

13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಮಕ್ಕಳು ಮತ್ತು ಹದಿಹರೆಯದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇವೆರಡನ್ನೂ ಅವಳ ದಿನದಲ್ಲಿ ಎಲ್ಲಿ ಸೇರಿಸುವುದು? ರಾತ್ರಿ ಬೇಗ ಮಲಗು ಎನ್ನುವುದೂ ಅಷ್ಟು ಸುಲಭವಲ್ಲ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ಮೊದಲಿಗಿಂತ ತಡವಾಗಿ ಸ್ರವಿಸುತ್ತದೆ. ಹತ್ತಕ್ಕೆ ಕಣ್ಣು ಮುಚ್ಚದಿರುವುದಕ್ಕೆ ಮೊಬೈಲ್ ಒಂದೇ ಕಾರಣವಲ್ಲ, ವಯಸ್ಸೂ ಕಾರಣ. ಮೊಬೈಲ್ ಅದನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಐದರ ಅಲಾರಾಂ ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ನಿದ್ದೆಯ ಬೆಲೆ ಭದ್ರಾವತಿಗೆ ಗೊತ್ತಿಲ್ಲದ್ದಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಊರು ಪಾಳಿಗಳ ಲೆಕ್ಕದಲ್ಲಿ ಬದುಕುವುದನ್ನು ಕಲಿಯಿತು. ನನ್ನ ಅಜ್ಜ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ಅಜ್ಜಿ ರೇಡಿಯೋ ಹಾಕುತ್ತಿರಲಿಲ್ಲ, ಒರಳಿಗೆ ಕೈ ಹಚ್ಚುತ್ತಿರಲಿಲ್ಲ. ಬೀದಿಯಲ್ಲಿ ಕೂಗಾಡುವ ನಮ್ಮನ್ನು ‘ಅಜ್ಜ ಮಲಗಿದ್ದಾರೆ, ಗದ್ದಲ ಮಾಡಬೇಡಿ’ ಎಂದು ಆಚೆ ಓಡಿಸುತ್ತಿದ್ದರು. ಬೆಂಕಿಯ ಮುಂದೆ ನಿಲ್ಲುವ ಮನುಷ್ಯ ತೂಕಡಿಸಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅವರ ನಿದ್ದೆಯನ್ನು ಇಡೀ ಮನೆ ಕಾಯುತ್ತಿತ್ತು.

ಕಾಗದದ ಕಾರ್ಖಾನೆ ಇಂದು ನಿಂತಿದೆ, ಉಕ್ಕಿನದರಲ್ಲೂ ಹಳೆಯ ಭರಾಟೆ ಇಲ್ಲ. ಕಾರ್ಖಾನೆಯಲ್ಲಿ ಇಲ್ಲದ ಕೆಲಸವನ್ನು ಮಕ್ಕಳು ಓದಿ ದಕ್ಕಿಸಿಕೊಳ್ಳಬೇಕು ಎಂಬ ಅಪ್ಪ ಅಮ್ಮಂದಿರ ಆತಂಕ ಸುಳ್ಳಲ್ಲ. ಆದರೆ ಈಗ ಮನೆಯಲ್ಲಿ ಪಾಳಿ ಮಾಡುವವರು ಮಕ್ಕಳೇ. ಅವರ ಪಾಳಿಗೆ ಎಂಟು ಗಂಟೆಯ ಮಿತಿಯಿಲ್ಲ, ವಾರದ ರಜೆಯೂ ಖಾತ್ರಿಯಿಲ್ಲ, ನಿದ್ದೆ ಕಾಯುವವರಿಲ್ಲ. ‘ಇನ್ನೂ ಮಲಗಿದ್ದೀಯಾ?’ ಎಂದು ಕೇಳುವವರೇ ಎಲ್ಲ.

ನನಗೆ ಭಯ ಹುಟ್ಟಿಸುವುದು ‘ಚೆನ್ನಾಗಿಲ್ಲ’ ಎಂಬ ಉತ್ತರವಲ್ಲ. ಹಾಗೆ ಬರೆದ ಹುಡುಗನಿಗೆ ತನ್ನ ಮೈಯ ಮಾತು ಇನ್ನೂ ಕೇಳಿಸುತ್ತಿದೆ. ದಿನವಿಡೀ ಸುಸ್ತಿದ್ದೂ ‘ಚೆನ್ನಾಗಿದೆ’ ಎಂದು ಬರೆಯುವವರ ಬಗ್ಗೆ ಹೆಚ್ಚು ಚಿಂತೆ. ಸುಸ್ತಾದರೆ ಚೆನ್ನಾಗಿ ಓದುತ್ತಿದ್ದೇನೆ ಎಂದರ್ಥ ಎಂದು ಅವರಿಗೆ ಅಭ್ಯಾಸವಾಗಿದೆ. ಕನ್ನಡದಲ್ಲಿ ‘ಹುಷಾರು ಹುಡುಗಿ’ ಎಂದರೆ ಜಾಣೆ ಎಂದೂ ಆಗುತ್ತದೆ. ಆ ಜಾಣತನದ ಖರ್ಚನ್ನು ನಾವು ಆರಾಮಿನ ಲೆಕ್ಕದಿಂದ ತೆಗೆಯುತ್ತಿದ್ದೇವೆ.

ನಿದ್ದೆ, ಊಟ, ಆಟ ಮೂರನ್ನೂ ಮಕ್ಕಳ ‘ಅಭ್ಯಾಸ’ ಎಂದು ಕರೆದು ನಾವು ಬುದ್ಧಿ ಹೇಳುತ್ತೇವೆ. ಐದಕ್ಕೆ ಟ್ಯೂಷನ್ ಇಟ್ಟದ್ದು, ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟದ್ದು ಮಕ್ಕಳಲ್ಲ. ನನ್ನ ಪ್ರಶ್ನಾವಳಿಯ ಕೊನೆಯಲ್ಲಿ ಈಗ ಒಂದು ಪ್ರಶ್ನೆ ಸೇರಿಸಿದ್ದೇನೆ: ‘ನೀವು ಮಲಗಿದ್ದಾಗ ಮನೆಯಲ್ಲಿ ಯಾರಾದರೂ ಟಿ.ವಿ. ಸದ್ದು ತಗ್ಗಿಸುತ್ತಾರಾ?’