ಮಳೆಯ ಲೆಕ್ಕ ಬರೆದವರು

ಹುಬ್ಬಳ್ಳಿಗೆ ಪೂರ್ವದಲ್ಲಿರುವ ನಮ್ಮ ಶಿರಗುಪ್ಪಿಯ ಎರೆ ಹೊಲಗಳಲ್ಲಿ ಮುಂಗಾರಿನ ಹೆಸರು ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವೂ ಮಣ್ಣುಪಾಲು. ಆದರೂ ಹವಾಮಾನ ವಾರ್ತೆ ನಮ್ಮಲ್ಲಿ ನಗೆಯ ಮಾತು. ‘ಬರ್ತೈತಿ ಅಂದ್ರ ಬರೂದಿಲ್ಲ’ ಎನ್ನುತ್ತ ಹಿರಿಯರು ರೇಡಿಯೊ ಆರಿಸುತ್ತಿದ್ದರು. ಆ ವಾರ್ತೆಯ ಹಿಂದಿನ ದುಡಿಮೆ ನಮಗೆ ಅರ್ಥವಾದದ್ದು ಊರು ಬಿಟ್ಟು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಹಿಡಿದ ಮೇಲೆ.

1980ರ ದಶಕದಲ್ಲಿ ಮಳೆಯ ಮುನ್ಸೂಚನೆಗೆಂದು ಭಾರತವು ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ಕೇಳಿತು. ಕೇಳಿದ್ದು ದೊಡ್ಡದು, ಸಿಕ್ಕಿದ್ದು ಚಿಕ್ಕದು. ಈ ನಡುವೆ, 1986ರಲ್ಲಿ, ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯವು ‘ಫ್ಲೋಸಾಲ್ವರ್’ ಎಂಬ ಸಮಾನಾಂತರ ಕಂಪ್ಯೂಟರನ್ನು ತಾನೇ ಕಟ್ಟಿತು. ಆಗ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ತಂಡವನ್ನು ಬಹುಕಾಲ ಮುನ್ನಡೆಸಿದವರು ಯು.ಎನ್. ಸಿನ್ಹಾ. ಮೊದಲಿಗೆ ಅದರ ಕೆಲಸ ಹರಿಯುವ ಗಾಳಿಯ ಲೆಕ್ಕ. ಮಳೆ ಬಂದದ್ದು ಆಮೇಲೆ.

ಮಳೆಯ ಲೆಕ್ಕವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವುದು ಸುಲಭವಲ್ಲ. ಕಳೆ ತೆಗೆಯುವಾಗ ಆಳಿಗೊಂದು ಸಾಲು ಕೊಟ್ಟರೆ ಮುಗಿಯಿತು. ಪಕ್ಕದವಳ ಸಾಲಿನ ಚಿಂತೆ ಇಲ್ಲ. ಭೂಮಿಯನ್ನು ಅಕ್ಷಾಂಶದ ಪಟ್ಟಿಗಳಾಗಿ ಹಂಚಿಕೊಂಡ ಪ್ರೊಸೆಸರ್‌ಗಳು ಹಾಗಲ್ಲ. ಕೆಲವು ನಿಮಿಷಗಳ ಹವೆಯನ್ನು ಎಣಿಸಿದೊಡನೆ ಎಲ್ಲವೂ ನಿಂತು, ತಮ್ಮ ಮೊತ್ತಗಳನ್ನು ಕೂಡಿಸಿ, ಫಲವನ್ನು ಹಂಚಿಕೊಂಡು ಮುಂದೆ ಸಾಗಬೇಕು. ಒಂದು ತಡವಾದರೆ ಉಳಿದವೆಲ್ಲ ಬದುವಿನ ಮೇಲೆ ಕಾಯುತ್ತ ಕೂರುತ್ತವೆ.

ದೆಹಲಿಯ ಕೇಂದ್ರದಲ್ಲಿ ಕ್ರೇ ಮೇಲೆ ಓಡುತ್ತಿದ್ದ ಟಿ-80 ಎಂಬ ತಂತ್ರಾಂಶವನ್ನು 1990ರ ದಶಕದಲ್ಲಿ ಈ ತಂಡ ಫ್ಲೋಸಾಲ್ವರ್‌ಗೆ ತಂದಿತು. ಮುಂದೆ ಅದನ್ನೇ ಹೊಸದಾಗಿ ಬರೆದು ‘ವರ್ಷ’ ಎಂದು ಹೆಸರಿಟ್ಟಿತು. ಬೇರೆ ಯಂತ್ರಕ್ಕೆಂದು ಬೇರೆಯವರು ಹೆಣೆದಿಟ್ಟ ಫೋರ್ಟ್ರಾನ್ ಓದುವುದು ಎಂಥ ಪಾಡು ಎಂಬುದು ಈ ಕಸುಬಿನವರಿಗೇ ಗೊತ್ತು. ತಪ್ಪಾದರೆ ಕಂಪ್ಯೂಟರ್ ಕೂಗಿ ಹೇಳುವುದಿಲ್ಲ. ನಂಬುವಂತಹ ಸಂಖ್ಯೆಯನ್ನೇ ಮುಂದಿಡುತ್ತದೆ. ಇಂಥ ತಂಡದ ಮುಂದಾಳಿಗೆ ಮೋಡವೂ ಗೊತ್ತಿರಬೇಕು, ಕೋಡೂ ಗೊತ್ತಿರಬೇಕು. ಪತ್ರಿಕೆಗಳು ಮಾತ್ರ ಯಂತ್ರದ ವೇಗವನ್ನೇ ಬರೆದವು. ಆ ಕ್ರೇ ಎಂದೋ ಮೂಲೆ ಸೇರಿತು.

ಹಿರಿಯರ ನಗೆಯೂ ಅನ್ಯಾಯವೇನಲ್ಲ ಬಿಡಿ. ಟಿ-80ರ ಒಂದು ಚೌಕದ ಬದಿ ಸುಮಾರು 150 ಕಿಲೋಮೀಟರ್. ಕಾರವಾರದ ಜಡಿಮಳೆಯೂ ನಮ್ಮ ಒಣ ಹೊಲವೂ ಒಂದೇ ಚೌಕದಲ್ಲಿ ಅಡಗುವ ಅಳತೆ ಅದು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ, ಪುಣೆಯ ವಿಜ್ಞಾನಿಗಳು ಬರೆದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನ ಚೌಕ 6 ಕಿಲೋಮೀಟರ್. ಹುಬ್ಬಳ್ಳಿಯ ಪೇಟೆಗೊಂದು ಲೆಕ್ಕ, ಶಿರಗುಪ್ಪಿಯ ಹೊಲಕ್ಕೆ ಇನ್ನೊಂದು.