ದಿನಕ್ಕೊಂದು ಚೊಂಬು ನೀರು

ಮಗಳ ಬಾಣಂತನಕ್ಕೆಂದು ಹೆಂಡತಿ ಅಮೆರಿಕಕ್ಕೆ ಹೊರಟ ದಿನ ರಾಯರ ಕೈಗೆ ಒಂದು ಚೀಟಿ ಬಂತು. 2023ರ ಜೂನ್ ಕೊನೆಯ ವಾರ. ಗ್ಯಾಸ್ ಬುಕ್ ಮಾಡುವುದು, ಹಾಲಿನವನ ಲೆಕ್ಕ, ಶ್ರಾದ್ಧದ ತಿಥಿ, ಬಿ.ಪಿ. ಮಾತ್ರೆ ಎಂದು ಹನ್ನೊಂದು ಬಾಬತ್ತುಗಳಿದ್ದ ಆ ಚೀಟಿಯ ಕೊನೆಯಲ್ಲಿ, ಎರಡು ಸಲ ಅಡಿಗೆರೆ ಎಳೆದು ಬರೆದದ್ದು: ‘ಕರಿಬೇವಿಗೆ ನೀರು.’ ಎಷ್ಟು, ಯಾವಾಗ ಎಂದು ಬರೆದಿರಲಿಲ್ಲ. ಒಂಬತ್ತು ವರ್ಷ ಆ ಗಿಡ ಸಾಕಿದ ಹೆಂಗಸಿಗೆ ಅದು ಬರೆಯಬೇಕಾದ ವಿಷಯ ಎಂದೇ ಅನ್ನಿಸಿರಲಾರದು. ಸಾರಿಗೆ ಉಪ್ಪು ಎಷ್ಟು ಎಂದು ಯಾರಾದರೂ ಬರೆದಿಡುತ್ತಾರೆಯೇ?

ಗಿಡವೇನೂ ಅಪರೂಪದ್ದಲ್ಲ. ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟಿನ ಜೊತೆ ಪುಕ್ಕಟೆ ಸಿಗುವ ಕರಿಬೇವೇ. ಆದರೆ ಇದು ಆಕೆಯ ತವರಿನ ಹಿತ್ತಿಲಿನದು. ತೀರ್ಥಹಳ್ಳಿ ಕಡೆಯ ಆ ಮನೆಯ ಬಚ್ಚಲಿನ ಹಿಂದೆ ದೊಡ್ಡದೊಂದು ಕರಿಬೇವಿನ ಮರವಿತ್ತು. ಎಲೆ ಚಿಕ್ಕದು, ಬಣ್ಣ ಕಪ್ಪು ಹಸಿರು, ಒಂದು ಕಡ್ಡಿ ಒಗ್ಗರಣೆಗೆ ಬಿದ್ದರೆ ವಾಸನೆ ಜಗಲಿಯವರೆಗೆ. ತಾಯಿ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮನೆ ಮಾರಿದರು. ಕೊಂಡವರು ಹಿತ್ತಿಲು ಸವರಿ ಅಡಿಕೆ ಹಾಕಿದರು. ಅದಕ್ಕೂ ಮೊದಲೇ ಆಕೆ ಬೇರಿನಿಂದ ಎದ್ದಿದ್ದ ಒಂದು ಮರಿಯನ್ನು ಮಣ್ಣುಸಹಿತ ಹಾರ್ಲಿಕ್ಸ್ ಡಬ್ಬಿಯಲ್ಲಿಟ್ಟು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಬೆಂಗಳೂರಿಗೆ ತಂದಿದ್ದರು. ಮೂರನೆಯ ಮಹಡಿಯ ಬಾಲ್ಕನಿಯ ಬಿಸಿಲಿಗೆ ಅದು ಹೇಗೋ ಹೊಂದಿಕೊಂಡಿತು. ಒಡಹುಟ್ಟಿದವರಲ್ಲಿ ಯಾರ ಬಳಿಯೂ ಆ ಮನೆಯದೆನ್ನುವ ವಸ್ತು ಇನ್ನೊಂದಿಲ್ಲ.

ಹೆಂಡತಿ ಹೋದ ಮರುವಾರವೇ ಕೆಳಗಿನ ಮನೆಯವರ ಚಾವಣಿ ಸೋರುತ್ತದೆಂದು ಬಾಲ್ಕನಿಯ ನೆಲ ಅಗೆದರು. ಕುಂಡ ಹಾಲಿನೊಳಗೆ ಬಂತು. ಸೋಫಾದ ಪಕ್ಕ, ಕಿಟಕಿಯಿಂದ ಎರಡು ಮಾರು ದೂರದಲ್ಲಿ, ಅಡಿಗೊಂದು ಪ್ಲಾಸ್ಟಿಕ್ ತಟ್ಟೆ. ಅಲ್ಲಿ ಬೆಳಕು ಸಾಕಷ್ಟಿದೆ ಎಂದೇ ರಾಯರ ನಂಬಿಕೆ. ಅಲ್ಲಿ ಕುಳಿತೇ ಅವರು ಪೇಪರ್ ಓದುವುದು. ಆದರೆ ನಮ್ಮ ಕಣ್ಣು ಬಹಳ ಮೋಸದ ಉಪಕರಣ. ಬೆಳಕು ಕಡಿಮೆಯಾದ ಹಾಗೆ ಪಾಪೆ ಹಿಗ್ಗಿಸಿಕೊಂಡು ಎಲ್ಲವೂ ಸರಿಯಾಗಿದೆ ಎಂದು ವರದಿ ಕೊಡುತ್ತದೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ, ಕಿಟಕಿಯಿಂದ ಎರಡು ಮಾರು ಒಳಗೆ ಅದು ಕೆಲವು ನೂರಕ್ಕೆ ಇಳಿದಿರುತ್ತದೆ. ಪೇಪರ್ ಓದಲು ಅಷ್ಟು ಸಾಕು, ಅನ್ನ ಬೇಯಿಸಿಕೊಳ್ಳಲು ಸಾಲದು. ಎಲೆಯ ಪತ್ರಹರಿತ್ತಿಗೆ ಬೆಳಕೇ ಸೌದೆ. ಒಲೆ ಉರಿಯದ ಮನೆಯಲ್ಲಿ ನೀರಿನ ಖರ್ಚೂ ಕಡಿಮೆಯೇ.

ರಾಯರು ಮೂವತ್ತಾರು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿದ್ದವರು. ನಿಯಮ ಎಂದರೆ ನಿಯಮ. ಬೆಳಿಗ್ಗೆ ಆರೂವರೆಗೆ ಕಾಫಿಗೆ ಮೊದಲು ಕರಿಬೇವಿಗೆ ಒಂದು ಚೊಂಬು ನೀರು, ತುಂಬಿದ ಚೊಂಬು. ಆಷಾಢದ ಮೋಡ, ಹೊರಗೆ ಜಡಿಮಳೆ, ಗೋಡೆಗಳೇ ತಣ್ಣಗೆ ಬೆವರುವ ದಿನಗಳು. ಚೊಂಬು ಮಾತ್ರ ತಪ್ಪಲಿಲ್ಲ. ತಟ್ಟೆಯಲ್ಲಿ ನೀರು ನಿಂತಿತು. ‘ಒಳ್ಳೆಯದೇ, ಬೇಕಾದಾಗ ಹೀರಿಕೊಳ್ಳುತ್ತದೆ’ ಎಂದುಕೊಂಡರು.

ಮೂರನೆಯ ವಾರಕ್ಕೆ ಎಲೆಗಳು ಜೋತುಬಿದ್ದವು. ಬಾಡಿದ ಗಿಡ ಕಂಡರೆ ಮನುಷ್ಯನ ಕೈ ಹೋಗುವುದು ಚೊಂಬಿಗೇ ತಾನೆ? ರಾಯರು ಸಂಜೆಗೂ ಒಂದು ಚೊಂಬು ಮಂಜೂರು ಮಾಡಿದರು.

ಹೊಸದಾಗಿ ಕುಂಡದಲ್ಲಿ ಗಿಡ ಬೆಳೆಸುವವರೆಲ್ಲ ಬೀಳುವ ಹೊಂಡ ಇದೇ. ಬೇರೂ ನಮ್ಮ ಹಾಗೆಯೇ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಆಮ್ಲಜನಕ ಪಡೆದು, ಅದರಿಂದ ಬಂದ ಶಕ್ತಿಯಲ್ಲೇ ಅದು ನೀರು, ಲವಣಗಳನ್ನು ಎಳೆದುಕೊಳ್ಳಬೇಕು. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕ ನೀರಿನ ಮೂಲಕವೇ ಬರಬೇಕು. ಅಲ್ಲಿ ಅದರ ಚಲನೆ ಗಾಳಿಯಲ್ಲಿದ್ದುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಉಸಿರು ಕಟ್ಟಿದ ಬೇರು ಕೆಲಸ ನಿಲ್ಲಿಸುತ್ತದೆ, ಆಮೇಲೆ ಕೊಳೆಯುತ್ತದೆ. ಬೇರು ಸತ್ತ ಮೇಲೆ ಎಲೆಗೆ ನೀರು ಏರುವುದಿಲ್ಲ. ಹೀಗೆ, ನೀರಿನಲ್ಲೇ ನಿಂತ ಗಿಡ ಬಾಯಾರಿ ಬಾಡುತ್ತದೆ. ನೋಡಲು ನೀರಿಲ್ಲದ ಗಿಡದಂತೆಯೇ ಇರುತ್ತದೆ. ಮೇಲ್ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಏಳತೊಡಗಿದರೆ ಅದೂ ಒಂದು ಸೂಚನೆ. ರಾಯರ ಹಾಲಿನಲ್ಲಿ ಅವು ಕಾಫಿ ಲೋಟದ ಸುತ್ತಲೂ ಹಾರಾಡುತ್ತಿದ್ದವು.

ಇಷ್ಟರಲ್ಲಿ ಲಿಫ್ಟಿನಲ್ಲಿ ಸುದ್ದಿ ಹಬ್ಬಿ ಸಲಹೆಗಳು ಬಂದವು. ಎರಡನೆಯ ಮಹಡಿಯ ಅಜ್ಜಿ ಹುಳಿ ಮಜ್ಜಿಗೆ ಹಾಕು ಎಂದರು. ಇದು ಮೂಢನಂಬಿಕೆಯಲ್ಲ. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾದಾಗ ಅದರಲ್ಲಿರುವ ಕಬ್ಬಿಣ ಗಿಡಕ್ಕೆ ದಕ್ಕುವುದಿಲ್ಲ. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಆಗ ಹುಳಿ ಏನಾದರೂ ನೆರವಾದೀತು. ಆದರೆ ಹಿತ್ತಿಲಿನ ನೆಲಕ್ಕೆ ಸುರಿದ ಮಜ್ಜಿಗೆ ಬೇರೆ, ಎಂಟು ಅಂಗುಲದ ಕುಂಡದಲ್ಲಿ ಕೊಳೆಯುವ ಮಜ್ಜಿಗೆ ಬೇರೆ. ಇನ್ನೊಬ್ಬರು ಅಕ್ಕಿ ತೊಳೆದ ನೀರು ಎಂದರು, ಮತ್ತೊಬ್ಬರು ಚಹಾದ ಚರಟ. ರಾಯರು ಯಾರನ್ನೂ ನಿರಾಶೆಗೊಳಿಸಲಿಲ್ಲ. ಕೊನೆಗೆ ಬೀಜದ ಅಂಗಡಿಯಿಂದ 19:19:19 ಎಂಬ ನೀರಿನಲ್ಲಿ ಕರಗುವ ಗೊಬ್ಬರ ತಂದರು. ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ನೂರಕ್ಕೆ ಹತ್ತೊಂಬತ್ತರಂತೆ. ಒಂದು ಲೀಟರಿಗೆ ಒಂದೆರಡು ಗ್ರಾಂ ಸಾಕು. ಕಾಯಿಲೆಯವರಿಗೆ ಸ್ವಲ್ಪ ಹೆಚ್ಚೇ ಇರಲಿ ಎಂದು ಅವರು ಚೊಂಬಿಗೆ ಒಂದು ದೊಡ್ಡ ಚಮಚ ಕದಡಿದರು.

ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯ ತುಂಬ ನೀರು ಬಿಟ್ಟಿರುವುದನ್ನು ಉಪ್ಪಿನಕಾಯಿ ಹಾಕಿದ ಮನೆಯವರೆಲ್ಲ ನೋಡಿದ್ದಾರೆ. ಶಾಲೆಯ ಪುಸ್ತಕ ಅದನ್ನು ಅಭಿಸರಣೆ ಎನ್ನುತ್ತದೆ. ಗೊಬ್ಬರವೂ ಉಪ್ಪೇ. ಹೊರಗಿನ ದ್ರಾವಣ ಬೇರಿನೊಳಗಿನ ರಸಕ್ಕಿಂತ ಗಟ್ಟಿಯಾದರೆ ನೀರು ಬೇರಿನೊಳಕ್ಕೆ ಬರುವ ಬದಲು ಹೊರಕ್ಕೆ ಹೋಗುತ್ತದೆ. ಉಳಿದಿದ್ದ ಎಲೆಗಳ ಅಂಚು ನಾಲ್ಕೇ ದಿನದಲ್ಲಿ ಸುಟ್ಟ ಹಪ್ಪಳದಂತಾಯಿತು.

ಅಷ್ಟಕ್ಕೂ ಗಿಡ ಮಣ್ಣಿನಿಂದ ತಿನ್ನುವುದು ಎಷ್ಟು? ಬ್ರಸೆಲ್ಸಿನ ವ್ಯಾನ್ ಹೆಲ್ಮಾಂಟ್ ಎಂಬಾತ ಹಿಂದೆ ಇದನ್ನು ತೂಗಿ ನೋಡಿದ್ದ. ಒಣಗಿಸಿದ ಇನ್ನೂರು ಪೌಂಡ್ ಮಣ್ಣಿನಲ್ಲಿ ಐದು ಪೌಂಡಿನ ವಿಲ್ಲೋ ಸಸಿ ನೆಟ್ಟು ಐದು ವರ್ಷ ನೀರು ಮಾತ್ರ ಎರೆದ. ಸಸಿ 169 ಪೌಂಡಿನ ಮರವಾಯಿತು; ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸ್. ಮರ ಆದದ್ದೆಲ್ಲ ನೀರಿನಿಂದಲೇ ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಇದು ಅಚ್ಚಾಯಿತು. ಗಾಳಿಯ ಇಂಗಾಲದ ಡೈಆಕ್ಸೈಡಿನ ಪಾಲು ಆಗ ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ತೀರ್ಮಾನ ಅರ್ಧ ತಪ್ಪು. ತಕ್ಕಡಿ ಮಾತ್ರ ಸರಿಯಾಗಿಯೇ ಇತ್ತು. ಅವನು ಲೆಕ್ಕಕ್ಕೆ ಹಿಡಿಯದ ಆ ಎರಡು ಔನ್ಸ್, ಎಂದರೆ ಐವತ್ತೇಳು ಗ್ರಾಂ, ಅದೇ ಗೊಬ್ಬರ. ದೊಡ್ಡ ಮರಕ್ಕೇ ಐದು ವರ್ಷಕ್ಕೆ ಅಷ್ಟು. ರಾಯರು ಒಂದು ವಾರದಲ್ಲಿ ಹೆಚ್ಚುಕಡಿಮೆ ಅಷ್ಟನ್ನು ಕುಡಿಸಿದ್ದರು.

ಈ ನಡುವೆ ಪ್ರತಿ ಸಂಜೆ ಫೋನಿನಲ್ಲಿ ಮುಖ ನೋಡಿ ಮಾತಾಡುವ ಕಾರ್ಯಕ್ರಮ. ಮೊಮ್ಮಗಳ ಸ್ನಾನ, ಅಲ್ಲಿನ ಹವೆ, ಎಲ್ಲ ಮುಗಿದ ಮೇಲೆ ಆಕೆಯ ಪ್ರಶ್ನೆ: “ರೀ, ಬೇವು ಹೇಗಿದೆ?”

“ಚೆನ್ನಾಗಿದೆ ಕಣೆ.”

“ತೋರಿಸಿ.”

ಒಂದೆರಡು ದಿನ ಕರೆಂಟ್ ಇಲ್ಲ ಎಂದರು. ಮೂರನೆಯ ದಿನ ಪಕ್ಕದ ಮನೆಯವರಲ್ಲಿ ಹೋಗಿ, ಸಂಕೋಚದಿಂದ ವಿಷಯ ತಿಳಿಸಿ, ಅವರ ಬಾಲ್ಕನಿಯಲ್ಲಿ ಸೊಂಪಾಗಿದ್ದ ಕರಿಬೇವಿನ ಮುಂದೆ ಫೋನ್ ಹಿಡಿದರು. ಆಕೆ ಸ್ವಲ್ಪ ಹೊತ್ತು ನೋಡಿ “ಸರಿ” ಎಂದರು. ಮತ್ತೆ ಗಿಡದ ವಿಷಯ ಎತ್ತಲಿಲ್ಲ. ಮೂವತ್ತಾರು ವರ್ಷ ಒಂದು ರೂಪಾಯಿಯ ಸುಳ್ಳು ಲೆಕ್ಕ ಬರೆಯದ ಮನುಷ್ಯ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಗಿಡದ ರೋಗ ಹಿಡಿದವಳು ಕಾವಲುಗಾರನ ಹೆಂಡತಿ. ಕೊಪ್ಪಳದ ಕಡೆಯವಳು, ಮೆಟ್ಟಿಲು ಗುಡಿಸಲು ಬರುತ್ತಾಳೆ. ತೆರೆದ ಬಾಗಿಲಿನಿಂದ ಕಂಡದ್ದೇ ಒಳಗೆ ಬಂದು, ಕುಂಡದ ಅಂಚಿಗೆ ಕೈ ಹಾಕಿ ಎತ್ತಿ ನೋಡಿ ಕೆಳಗಿಟ್ಟಳು.

“ಯಜಮಾನ್ರ, ಇದಕ್ಕ ನೀರು ಕಮ್ಮಿ ಆಗಿಲ್ರಿ, ಹೆಚ್ಚಾಗೇತ್ರಿ. ಹೊಟ್ಟಿ ತುಂಬಿದ ಮ್ಯಾಲೂ ಉಣ್ಣಿಸಿದ್ರ ಕೂಸು ಉಳಿತೈತೇನ್ರಿ?”

ಪೇಪರ್ ಹಾಸಿ ಕುಂಡ ಮಗುಚಿದಳು. ಚರಂಡಿಯ ವಾಸನೆ ಎದ್ದಿತು. ಬೇರುಗಳು ಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರಿ ಬರುತ್ತಿದ್ದವು. ಒಂದು ಪಕ್ಕದಲ್ಲಿ ಮಾತ್ರ ನಾಲ್ಕೈದು ಬೆಳ್ಳಗೆ ಉಳಿದಿದ್ದವು. ಅವಳು ಕೊಳೆತದ್ದನ್ನೆಲ್ಲ ಕತ್ತರಿಸಿದಳು. ಇಷ್ಟು ಬೇರು ಅಷ್ಟು ಕೊಂಬೆಯನ್ನು ಸಾಕಲಾರದೆಂದು ಮೇಲಿನದನ್ನೂ ಅರ್ಧಕ್ಕರ್ಧ ಕತ್ತರಿಸಿದಳು. ಹೆಂಡತಿ ಒಂಬತ್ತು ವರ್ಷ ಬೆಳೆಸಿದ ಗಿಡ ಮೊಣಕಾಲುದ್ದದ ಕಡ್ಡಿಯಾಗಿ ನಿಂತದ್ದನ್ನು ನೋಡಿ ರಾಯರು ಏನೂ ಮಾತಾಡಲಿಲ್ಲ.

ಮಣ್ಣಿನ ಕುಂಡ, ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಹಿಡಿ. ನೀರು ಬಸಿಯಲೆಂದು ತಳಕ್ಕೆ ಜಲ್ಲಿಕಲ್ಲು ಹಾಕಬೇಕೆಂದು ರಾಯರು ಎಲ್ಲೋ ಓದಿದ್ದರು. ಅವಳು ಒಂದೇ ಒಂದು ಓಡಿನ ಚೂರನ್ನು ತೂತಿನ ಮೇಲಿಟ್ಟು ಮಣ್ಣು ತುಂಬಿದಳು. ಅವಳು ಮಾಡಿದ್ದೇ ಸರಿ. ಒದ್ದೆ ಸ್ಪಂಜನ್ನು ಅಡ್ಡಲಾಗಿ ಹಿಡಿಯಿರಿ, ಸ್ವಲ್ಪ ತೊಟ್ಟಿಕ್ಕಿ ನಿಲ್ಲುತ್ತದೆ. ಅದನ್ನೇ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ. ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುವುದರಿಂದ ಯಾವ ಕುಂಡದ ಮಣ್ಣಿನಲ್ಲೂ ತಳದ ಒಂದು ಪದರ ಒದ್ದೆಯಾಗಿಯೇ ಇರುತ್ತದೆ. ಕೆಳಗೆ ಜಲ್ಲಿ ಹಾಕಿದರೆ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ; ಆ ಒದ್ದೆ ಪದರವೇ ಮೇಲೇರಿ ಬೇರಿನ ಹತ್ತಿರ ಬಂದು ಕೂರುತ್ತದೆ. ಜಲ್ಲಿ ಹಾಕುವ ಪದ್ಧತಿ ಎಷ್ಟು ಹಳೆಯದೋ ಅಷ್ಟೇ ನಿಷ್ಪ್ರಯೋಜಕ.

ಅವಳು ಕೊಟ್ಟ ಆಜ್ಞೆ ಎರಡು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ತೋರಿಸಬಾರದು. ನೀರು ಹಾಕುವ ಮೊದಲು ಕುಂಡ ಎತ್ತಿ ನೋಡಬೇಕು, ಹಗುರವಾಗಿದ್ದರೆ ಮಾತ್ರ ಹಾಕಬೇಕು.

ಹಗುರ ಎಂದರೆ ಎಷ್ಟು? ರಾಯರಿಗೆ ಅಂಕಿ ಬೇಕು. ಹೆಂಡತಿಯ ಸೂಟ್‌ಕೇಸ್ ಇಪ್ಪತ್ಮೂರು ಕಿಲೋ ಮೀರದಿರಲೆಂದು ಕೊಂಡಿದ್ದ ಕೊಕ್ಕೆಯ ತಕ್ಕಡಿ ಕಪಾಟಿನಲ್ಲಿತ್ತು. ಕುಂಡಕ್ಕೆ ಹಗ್ಗದ ಸಿಬ್ಬಲು ಹೆಣೆದು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೂಗಿ ಹಳೆಯ ಲೆಡ್ಜರಿನಲ್ಲಿ ಬರೆಯತೊಡಗಿದರು. ತಮಗಿಂತ ಮುನ್ನೂರು ವರ್ಷ ಮೊದಲು, 1724ರಲ್ಲಿ, ಲಂಡನ್ ಬಳಿಯ ಟೆಡಿಂಗ್‌ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್ ಸೂರ್ಯಕಾಂತಿಯ ಕುಂಡಕ್ಕೆ ಸೀಸದ ತಗಡು ಮುಚ್ಚಿ, ಹದಿನೈದು ದಿನ ಬೆಳಿಗ್ಗೆ ಸಂಜೆ ತೂಗಿ, ಎಲೆಯ ಮೂಲಕ ನೀರು ಆವಿಯಾಗಿ ಹೋಗುವುದನ್ನು ಅಳೆದಿದ್ದನೆಂಬುದು ರಾಯರಿಗೆ ಗೊತ್ತಿರಲಿಲ್ಲ. ಅದನ್ನು ಆತ 1727ರಲ್ಲಿ ಪುಸ್ತಕವಾಗಿ ಬರೆದ. ರಾಯರ ಲೆಡ್ಜರಿಗೆ ಅಂಥ ಭಾಗ್ಯವಿಲ್ಲ. ಅದರಲ್ಲಿ ಕಂಡದ್ದಿಷ್ಟು: ಮೋಡ ಕವಿದ ದಿನ ಕುಂಡ ಕಳೆದುಕೊಂಡದ್ದು ಐವತ್ತು ಗ್ರಾಂ. ಬಿಸಿಲು ಚೆನ್ನಾಗಿ ಬಿದ್ದ ದಿನ ಇನ್ನೂರು. ಚೊಂಬು ಹಿಡಿಸುವುದು ಒಂದು ಲೀಟರ್, ಎಂದರೆ ಒಂದು ಸಾವಿರ ಗ್ರಾಂ. ಜಮೆ ಸಾವಿರ, ಖರ್ಚು ಐವತ್ತು. ಇಂಥ ಲೆಕ್ಕವನ್ನು ಕಚೇರಿಯಲ್ಲಿ ಯಾರಾದರೂ ತಂದಿದ್ದರೆ ಅವರು ಮುಖಕ್ಕೆ ಎಸೆಯುತ್ತಿದ್ದರು.

ಬಾಲ್ಕನಿಯ ನೆಲ ಸರಿಹೋಗಿ ಕುಂಡ ಬೆಳಕಿಗೆ ಮರಳಿತು. ಆಗಸ್ಟ್ ಹೋಯಿತು, ಗಣೇಶನ ಹಬ್ಬ ಹೋಯಿತು, ಕಡ್ಡಿ ಕಡ್ಡಿಯಾಗಿಯೇ ಇತ್ತು. ಉಗುರಿನಿಂದ ತೊಗಟೆ ಗೀರಿದರೆ ಒಳಗೆ ಹಸಿರು, ಅದೊಂದೇ ಆಸೆ. ದಸರೆ ಕಳೆದ ಒಂದು ಬೆಳಿಗ್ಗೆ ಬುಡದ ಹತ್ತಿರ ಎಳ್ಳು ಕಾಳಿನಷ್ಟು ಕೆಂಪು ಹಸಿರು ಮೊಗ್ಗು. ರಾಯರು ಕಾವಲುಗಾರನ ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು. ತಿಂಗಳಾದ ಮೇಲೆ 19:19:19 ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಅದನ್ನು ಅಳೆಯಲು ಅಕ್ಕಸಾಲಿಗನ ಅಂಗಡಿಗೆ ಹೋಗಿ ಪೊಟ್ಟಣ ಕಟ್ಟಿಸಿಕೊಂಡು ಬಂದರೆಂದು ಅಪಾರ್ಟ್‌ಮೆಂಟಿನಲ್ಲಿ ಈಗಲೂ ನಗುತ್ತಾರೆ.

ಡಿಸೆಂಬರ್ ಕೊನೆಗೆ ಹೆಂಡತಿ ಬಂದರು. ಬೆಳಗಿನ ಜಾವ ಮನೆ ಸೇರಿ, ಚಪ್ಪಲಿ ಬಿಟ್ಟವರೇ ಬಾಲ್ಕನಿಗೆ ಹೋದರು. ರಾಯರು ಹೇಳಲು ಆರು ತಿಂಗಳಿನಿಂದ ಜೋಡಿಸಿಟ್ಟಿದ್ದ ಮಾತುಗಳು ಗಂಟಲಿನಲ್ಲೇ ಉಳಿದವು. ಗಿಡದಲ್ಲಿ ಇದ್ದದ್ದು ಎರಡು ಕೊಂಬೆ, ಎಣಿಸಿದರೆ ಹದಿನಾಲ್ಕು ಎಲೆಗೊಂಚಲು. ಆಕೆ ಒಂದು ಎಲೆಯನ್ನು ಕೀಳದೆ ಬೆರಳಿನಲ್ಲಿ ಮೆಲ್ಲಗೆ ಉಜ್ಜಿ ಮೂಗಿಗೆ ಹಿಡಿದರು.

“ಆವತ್ತು ಫೋನಿನಲ್ಲಿ ತೋರಿಸಿದ್ದು ಪಕ್ಕದ ಮನೆಯದು. ನಮ್ಮಮ್ಮನ ಗಿಡದ ಎಲೆ ಅಷ್ಟು ದೊಡ್ಡದಿಲ್ಲ.”

“ಗೊತ್ತಾಗಿತ್ತಾ? ಮತ್ತೆ ಯಾಕೆ ಕೇಳಲಿಲ್ಲ?”

“ಕೇಳಿದ್ದರೆ ಏನು ಹೇಳುತ್ತಿದ್ದಿರಿ?”

ರಾಯರು ಒಳಗೆ ಹೋಗಿ ಲೆಡ್ಜರ್ ತಂದು ಕೊಟ್ಟರು. ಆಕೆ ಕನ್ನಡಕ ಹಾಕಿಕೊಂಡು ಅಲ್ಲೇ ನಿಂತು ಪುಟಗಳನ್ನು ತಿರುವಿದರು. ಆಮೇಲೆ ಚೊಂಬು ತೆಗೆದುಕೊಂಡು ನಲ್ಲಿಯ ಕಡೆ ನಡೆದರು.

“ಇವತ್ತು ಬೇಡ ಕಣೆ, ಇನ್ನೂ ಭಾರ ಇದೆ” ಎಂದರು ರಾಯರು.

ಆ ಮಧ್ಯಾಹ್ನದ ಸಾರಿನ ಒಗ್ಗರಣೆಗೆ ಕರಿಬೇವು ಕೆಳಗಿನ ತರಕಾರಿ ಅಂಗಡಿಯಿಂದ ಬಂತು.